ಚಿಮಣಿ ಎಣ್ಣೆಯ ವಿಷಬಾಧೆ

ಚಿಮಣಿ ಎಣ್ಣೆಯ ವಿಷಬಾಧೆ: ದೀಪ, ಸ್ಟೋವುಗಳಿಗೆಂದು ಮನೆಯಲ್ಲಿಟ್ಟ ಸೀಮೆಎಣ್ಣೆಯನ್ನು ಪ್ರಮಾದವಶಾತ್ ನುಂಗುವುದರಿಂದ ಉಂಟಾಗುವ ಬಾಧೆ. ನವಲಗುಂದ, ಕುಂದಗೋಳ ಮೊದಲಾದ ಧಾರವಾಡ ಜಿಲ್ಲೆಯ ತಾಲ್ಲೂಕುಗಳಲ್ಲಿ ಸೀಮೆಎಣ್ಣೆಗೆ ಚಿಮಣಿ ಎಣ್ಣೆಯೆಂಬುದು ರೂಢನಾಮ. ಪಡಿತರದ ನೀಲವರ್ಣದ ಎಣ್ಣೆಯನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಡುವುದು ಈ ಬಾಧೆಗೆ ಪ್ರಮುಖ ಕಾರಣವಾಗಿದ್ದು, ಎಳೆಯ ಮಕ್ಕಳೇ ಅಧಿಕವಾಗಿ ಇದಕ್ಕೆ ಈಡಾಗುವರು. ಅತಿ ತೆಳುವಾದ ಈ ದ್ರವವು ಶ್ವಾಸನಾಳಕ್ಕೆ ಜಾರಿ, ಕೆಮ್ಮು, ಏದುಸಿರು, ಜ್ವರಗಳೊಡನೆ ಶ್ವಾಸಕೋಶದ ಉರಿಯೂತವನ್ನು ಉಂಟುಮಾಡುವುದು. ವಾಂತಿಯಿಂದ ಈ ಅಪಾಯವು ಇಮ್ಮಡಿಸುವುದಾದುದರಿಂದ ಉಪ್ಪುನೀರು ಕುಡಿಸುವುದೂ ಗಂಟಲಿಗೆ ಬೆರಳಿಡುವುದೂ ಸರ್ವಥಾ ವರ್ಜ್ಯ. ಕೂಡಲೇ 108 ಆಂಬುಲೆನ್ಸ್ ಸೇವೆಗೆ ಕರೆಮಾಡಿ, ತೋಯ್ದ ಬಟ್ಟೆಯನ್ನು ಕಳಚಿ, ಮೈಯನ್ನು ಸಾಬೂನಿನಿಂದ ತೊಳೆದು, ಎಚ್ಚರವಿದ್ದವರನ್ನು ನೆಟ್ಟಗೆ ಕೂಡಿಸಿ, ಮಂಪರಿರುವವರನ್ನು ಮಗ್ಗುಲಾಗಿ ಮಲಗಿಸಿ, ಎಣ್ಣೆಯ ಬಾಟಲಿಯ ಸಮೇತ ತಾಲ್ಲೂಕು ಆಸ್ಪತ್ರೆಗಾಗಲಿ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಗಾಗಲಿ ಒಯ್ಯತಕ್ಕದ್ದು. ಲಕ್ಷಣಗಳು ತೋರದಿದ್ದರೂ ಕನಿಷ್ಠ 6 ಗಂಟೆಗಳ ವೈದ್ಯಕೀಯ ನಿಗಾ ಆವಶ್ಯಕ.