ಅಮೆರಿಕದ ಶಾಲೆಗಳಲ್ಲಿ ನಲೋಕ್ಸೋನ್: ಏನಿದು ಔಷಧ? ನಿಯಮ ಏನು ಹೇಳುತ್ತದೆ?

ಅಮೆರಿಕದ ಅನೇಕ ಶಾಲೆಗಳ ಪ್ರಥಮ ಚಿಕಿತ್ಸಾ ಪೆಟ್ಟಿಗೆಯಲ್ಲಿ ಈಗ ಬ್ಯಾಂಡೇಜ್ ಜತೆ ಮೂಗಿಗೆ ಹೊಡೆಯುವ ಪುಟ್ಟ ಸ್ಪ್ರೇ ಕೂಡ ಇರುತ್ತದೆ. ಅದೇ ನಲೋಕ್ಸೋನ್. ಫೆಂಟನಿಲ್, ಹೆರಾಯಿನ್‌ನಂಥ ಓಪಿಯಾಯ್ಡ್ ಮಾದಕ ವಸ್ತುಗಳ ಅತಿ ಸೇವನೆಯಿಂದ ಉಸಿರು ನಿಲ್ಲುತ್ತಿರುವವರನ್ನು ಉಳಿಸುವ ಔಷಧವಿದು.

ಶಾಲೆಗೆ ಏಕೆ ಬೇಕಾಯಿತು?

ಫೆಂಟನಿಲ್ ಹೆರಾಯಿನ್‌ಗಿಂತ ಸುಮಾರು 50 ಪಟ್ಟು ಪ್ರಬಲ. ಸಾಮಾನ್ಯ ನೋವಿನ ಮಾತ್ರೆಯಂತೆ ಕಾಣುವ ನಕಲಿ ಮಾತ್ರೆಗಳಲ್ಲಿ ಇದನ್ನು ಬೆರೆಸುವುದರಿಂದ ತಾವು ನುಂಗುತ್ತಿರುವುದು ಏನೆಂದು ಮಕ್ಕಳಿಗೆ ತಿಳಿದಿರುವುದಿಲ್ಲ. 2019ರಿಂದ 2021ರ ಅವಧಿಯಲ್ಲಿ ಹೀಗೆ ಮೃತಪಟ್ಟ 10ರಿಂದ 19 ವರ್ಷದವರ ಪ್ರಕರಣಗಳನ್ನು ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ ಪರಿಶೀಲಿಸಿತ್ತು. ಮೂರರಲ್ಲಿ ಎರಡು ಪ್ರಕರಣಗಳಲ್ಲಿ ಹತ್ತಿರದಲ್ಲಿ ಯಾರಾದರೂ ಇದ್ದರು. ಆದರೆ ಹೆಚ್ಚಿನ ಕಡೆ ನೆರವು ಸಿಗಲಿಲ್ಲ.

ನಿಯಮಗಳೇನು?

ದೇಶಕ್ಕೆಲ್ಲ ಅನ್ವಯಿಸುವ ಒಂದೇ ಕಾನೂನಿಲ್ಲ, ರಾಜ್ಯಗಳೇ ತೀರ್ಮಾನಿಸುತ್ತವೆ.

* ವಾಷಿಂಗ್ಟನ್: 2,000 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಾಲಾ ಜಿಲ್ಲೆಗಳ ಹೈಸ್ಕೂಲ್‌ಗಳಲ್ಲಿ ಔಷಧ ಇರಬೇಕೆಂದು 2019ರಲ್ಲೇ ಕಾನೂನು ಬಂತು.
* ಲಾಸ್ ಏಂಜಲೀಸ್: ಹೈಸ್ಕೂಲ್ ಆವರಣದಲ್ಲೇ ವಿದ್ಯಾರ್ಥಿನಿಯೊಬ್ಬಳು ಮೃತಪಟ್ಟ ಬಳಿಕ, 2022ರ ಸೆಪ್ಟೆಂಬರ್‌ನಲ್ಲಿ ಎಲ್ಲ ಶಾಲೆಗಳಿಗೂ ಪೂರೈಕೆ ಘೋಷಿಸಲಾಯಿತು.
* ಇಲಿನಾಯ್: 2024ರಿಂದ ಶಾಲೆಗಳಲ್ಲಿ ದಾಸ್ತಾನು ಕಡ್ಡಾಯ.
* ಕ್ಯಾಲಿಫೋರ್ನಿಯಾ: 12 ವರ್ಷ ದಾಟಿದ ವಿದ್ಯಾರ್ಥಿಗಳು ಇದನ್ನು ತಮ್ಮ ಬಳಿ ಇಟ್ಟುಕೊಳ್ಳುವುದನ್ನು ಶಾಲೆಗಳು ತಡೆಯುವಂತಿಲ್ಲ.

2023ರ ಮಾರ್ಚ್‌ನಲ್ಲಿ ನಾರ್ಕಾನ್ ಸ್ಪ್ರೇಯನ್ನು ವೈದ್ಯರ ಚೀಟಿ ಇಲ್ಲದೆ ಮಾರಲು ಔಷಧ ನಿಯಂತ್ರಕ ಎಫ್‌ಡಿಎ ಅನುಮತಿ ನೀಡಿದ ಮೇಲೆ ಶಾಲೆಗಳಿಗೆ ಖರೀದಿ ಸುಲಭವಾಗಿದೆ.

ಬಳಸುವುದು ಹೇಗೆ?

ತುಟಿ ನೀಲಿಗಟ್ಟುವುದು, ಉಸಿರಾಟ ತೀರಾ ನಿಧಾನವಾಗುವುದು, ಅಲುಗಾಡಿಸಿದರೂ ಎಚ್ಚರವಾಗದಿರುವುದು ಅಪಾಯದ ಲಕ್ಷಣಗಳು. ಕೂಡಲೇ 911ಕ್ಕೆ ಕರೆ ಮಾಡಿ, ಅಂಗಾತ ಮಲಗಿಸಿ, ಒಂದು ಮೂಗಿನ ಹೊಳ್ಳೆಗೆ ಸ್ಪ್ರೇ ಮಾಡಬೇಕು. 2ರಿಂದ 3 ನಿಮಿಷದಲ್ಲಿ ಚೇತರಿಕೆ ಕಾಣದಿದ್ದರೆ ಇನ್ನೊಂದು ಹೊಳ್ಳೆಗೆ ಹೊಸ ಡೋಸ್ ನೀಡಬೇಕು. ಓಪಿಯಾಯ್ಡ್ ಸೇವಿಸದವರಿಗೆ ಕೊಟ್ಟರೂ ಸಾಮಾನ್ಯವಾಗಿ ಹಾನಿಯಿಲ್ಲ. ಪರಿಣಾಮ 30ರಿಂದ 90 ನಿಮಿಷ ಮಾತ್ರ. ನಂತರ ಉಸಿರು ಮತ್ತೆ ನಿಲ್ಲಬಹುದು. ಹಾಗಾಗಿ ಎಚ್ಚರವಾದರೂ ಆಸ್ಪತ್ರೆಗೆ ಸೇರಿಸಲೇಬೇಕು.

ಪೋಷಕರು ಏನು ಕೇಳಬೇಕು?

ನರ್ಸ್ ರಜೆಯಲ್ಲಿದ್ದಾಗ ಬೀಗ ಹಾಕಿದ ಕೋಣೆಯಲ್ಲಿರುವ ಔಷಧದಿಂದ ಪ್ರಯೋಜನವಿಲ್ಲ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗ ಪೋಷಕರು ಮಕ್ಕಳ ಶಾಲೆಯಲ್ಲಿ ಮೂರು ವಿಷಯ ವಿಚಾರಿಸಬಹುದು: ಔಷಧ ಎಲ್ಲಿದೆ, ಅವಧಿ ಮುಗಿಯುವುದು ಯಾವಾಗ, ನರ್ಸ್ ಹೊರತಾಗಿ ಯಾರಿಗೆಲ್ಲ ತರಬೇತಿ ಆಗಿದೆ?