ಕರಿ ಕಿಟಕಿಯೊಳಗಿನ ಸರ್ವರ್: ಬ್ಯಾಡಗಿ ಯಾರ್ಡಿನಿಂದ ಜಿನೀವಾದವರೆಗೆ

(1/9)
ಈ ಸಲ ಫೋಟೊದಾಗ ಕೋಟೆ ಇಲ್ಲ, ಗುಡಿ ಇಲ್ಲ. ಒಂದು ಹಳೇ ಲ್ಯಾಪ್‌ಟಾಪ್, ಅದರ ಮ್ಯಾಲ ಒಂದು ಕರಿ ಕಿಟಕಿ, ಹಿಂದ ಮೆಣಸಿನಕಾಯಿ ಚೀಲ. ಇದೂ ಇತಿಹಾಸನ, ಓದಿ ನೋಡ್ರಿ.

ಬ್ಯಾಡಗಿಯೊಳಗ ನಮ್ಮ ಸಂಬಂಧಿಕರದೊಂದು ದಲಾಲಿ ಅಂಗಡಿ ಐತಿ. ಸೀಸನ್‌ನ ಸೋಮವಾರ, ಗುರುವಾರ ನಾನು ಅಲ್ಲಿ ಲೆಕ್ಕ ಬರಿಯಾಕ ಹೋಗ್ತೀನಿ. ಲಾಟ್ ನಂಬರ್, ಚೀಲ ಎಷ್ಟು, ತೂಕ ಎಷ್ಟು, ಇಷ್ಟ ಕೆಲಸ. ಅದಕ್ಕ ಸಿ ಶಾರ್ಪ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದೆ. ಆದ್ರ ಯಾರ್ಡಿನ ಆ ತುದಿಯಿಂದ ದಿನಕ್ಕ ಐವತ್ತು ಸಲ ಫೋನ್: “37ರ ತೂಕ ಎಷ್ಟ್ ಬಂತೋ?” ಗದ್ದಲದಾಗ 37 ಅಂದದ್ದು 47 ಅಂತ ಕೇಳಸ್ತದ. ರೈತ ಎದುರಿಗೇ ನಿಂತಿರ್ತಾನ. ಅಂಕಿ ತಪ್ಪಿದ್ರ ಅವನ ವರ್ಷದ ದುಡಿಮೆನ ತಪ್ಪಿದಂಗ.

ಆವಾಗ ಅನಿಸ್ತು: ಈ ಪ್ರೋಗ್ರಾಂಗೆ ಫೋನ್‌ಗಳೇ ನೇರವಾಗಿ ಪ್ರಶ್ನೆ ಕೇಳಿದ್ರ ಹೆಂಗ? ಅದಕ್ಕ ದೊಡ್ಡ ಸರ್ವರ್ ಬೇಕಾ? ಬೇಕಾಗಿಲ್ಲ ಅನ್ನೋ ಉತ್ತರಕ್ಕ ಮೂವತ್ತು ವರ್ಷದ ಇತಿಹಾಸ ಐತಿ.

(2/9)
ಮೊದಲು ಮೂರು ಮಾತು ಸರಳವಾಗಿ.

ವೆಬ್ ಎಪಿಐ ಅಂದರೆ ಪುಟದ ಬದಲು ಬರೀ ಮಾಹಿತಿ ಕೊಡುವ ವಿಳಾಸ. ನೀವು “ಲಾಟ್ 37” ಅಂತ ಕೇಳಿದರೆ ಅದು ಚಿತ್ರ, ಬಣ್ಣ, ಮೆನು ಏನೂ ಕಳಿಸೋದಿಲ್ಲ. ಚೀಲ ಇಷ್ಟು, ತೂಕ ಇಷ್ಟು ಅಂತ ಎರಡು ಸಾಲಿನ ಪಠ್ಯ ಕಳಿಸುತ್ತದೆ. ಅದನ್ನು ಹೆಂಗ ತೋರಿಸಬೇಕು ಅನ್ನೋದು ಫೋನಿನ ಕೆಲಸ.

ಕನ್ಸೋಲ್ ಅಪ್ಲಿಕೇಶನ್ ಅಂದರೆ ನಮ್ಮ ಲ್ಯಾಬ್‌ನಲ್ಲಿ ಎಲ್ರೂ ಮೊದಲ ದಿನ ಬರೆದ ಕರಿ ಕಿಟಕಿಯ ಪ್ರೋಗ್ರಾಂ. ಬಟನ್ ಇಲ್ಲ, ಚಂದ ಇಲ್ಲ.

ಇವೆರಡನ್ನೂ ಸೇರಿಸೋದಕ್ಕೆ ಸೆಲ್ಫ್ ಹೋಸ್ಟ್ ಅಂತಾರೆ. ಅಂದರೆ ಬೇರೆ ಸರ್ವರ್ ತಂತ್ರಾಂಶದೊಳಗೆ ನಮ್ಮ ಕೋಡ್ ಇಡೋದಿಲ್ಲ, ನಮ್ಮ ಪ್ರೋಗ್ರಾಂ ಒಳಗೇ ಸರ್ವರ್ ಇರ್ತದ. ಎಪಿಎಂಸಿ ಯಾರ್ಡ್‌ನಲ್ಲಿ ಮಳಿಗೆ ಹಿಡಿದು ವ್ಯಾಪಾರ ಮಾಡೋದು ಒಂದು ಥರ. ಮನೆ ಮುಂದಿನ ಕಟ್ಟೆ ಮ್ಯಾಲೇ ತಕ್ಕಡಿ ಇಟ್ಟುಕೊಂಡು ಕೂಡೋದು ಇನ್ನೊಂದು ಥರ. ಎರಡರಲ್ಲೂ ಲಾಭ ಐತಿ, ಎರಡರಲ್ಲೂ ತೊಂದರೆ ಐತಿ. ಮುಂದೆ ಓದಿದಂಗ ಗೊತ್ತಾಗ್ತದ.

(3/9)
1990ರ ಕೊನೆ. ಜಿನೀವಾ ಹತ್ತಿರದ ಸರ್ನ್ ಸಂಶೋಧನಾ ಕೇಂದ್ರ. ಟಿಮ್ ಬರ್ನರ್ಸ್-ಲೀ ತಮ್ಮ ಮೇಜಿನ ಮೇಲಿದ್ದ ನೆಕ್ಸ್ಟ್ ಕಂಪ್ಯೂಟರ್‌ನಲ್ಲಿ ಜಗತ್ತಿನ ಮೊದಲ ವೆಬ್ ಸರ್ವರ್ ಓಡಿಸಿದರು. ಅದು ಯಾವ ಡೇಟಾ ಸೆಂಟರ್‌ನಲ್ಲೂ ಇರಲಿಲ್ಲ. ಇದು ಸರ್ವರ್, ಆಫ್ ಮಾಡಬೇಡಿ ಅನ್ನೋ ಅರ್ಥದ ಚೀಟಿಯನ್ನು ಆ ಮಷಿನ್ ಮೇಲೆ ಅಂಟಿಸಿದ್ದರು. ಯಾಕಂದರೆ ಯಾರಾದ್ರೂ ಗೊತ್ತಿಲ್ಲದೆ ಸ್ವಿಚ್ ಒತ್ತಿದ್ರ ಇಡೀ ವೆಬ್ಬೇ ಬಂದ್!

ಈ ಚೀಟಿ ನೆನಪಿಟ್ಟುಕೊಳ್ರಿ. ಕೊನೇ ಭಾಗದಾಗ ಬೇಕಾಗ್ತದ.

ಇಲ್ಲಿ ಗಮನಿಸಬೇಕಾದ ವಿಷಯ ಇಷ್ಟೇ: ಹುಟ್ಟಿದಾಗ ವೆಬ್ ಸರ್ವರ್ ಅನ್ನೋದು ಒಬ್ಬ ಮನುಷ್ಯ ತನ್ನ ಮೇಜಿನ ಮೇಲೆ ಶುರು ಮಾಡಿದ ಒಂದು ಸಾಮಾನ್ಯ ಪ್ರೋಗ್ರಾಂ. ಸರ್ವರ್ ಅಂದರೆ ದೊಡ್ಡವರ ಎಸಿ ಕೋಣೆಯ ವಸ್ತು ಅಂತ ನಾವು ಅಂದುಕೊಂಡಿದ್ದು ಆಮೇಲಿನ ಕಥೆ.

(4/9)
ಆಮೇಲೆ ಏನಾಯ್ತು? ಸರ್ವರ್‌ಗಳು ದೊಡ್ಡ ಮನೆಗಳಾದವು, ನಮ್ಮ ಕೋಡ್ ಬಾಡಿಗೆದಾರ ಆಯ್ತು.

1993ರಲ್ಲಿ ಅಮೆರಿಕದ ಎನ್‌ಸಿಎಸ್‌ಎ ಕೇಂದ್ರದಿಂದ ಸಿಜಿಐ ಪದ್ಧತಿ ಬಂತು. ಯಾರಾದರೂ ವಿಳಾಸ ಕೇಳಿದಾಗಲೆಲ್ಲ ಸರ್ವರ್ ಒಂದು ಹೊರಗಿನ ಪ್ರೋಗ್ರಾಂ ಓಡಿಸಿ, ಅದರ ಉತ್ತರವನ್ನು ಕಳಿಸೋದು. 1995ರಲ್ಲಿ ಅಪಾಚೆ ಬಂತು. ಅದೇ ವರ್ಷ ಮೈಕ್ರೋಸಾಫ್ಟ್ ವಿಂಡೋಸ್ ಎನ್‌ಟಿಗಾಗಿ ಐಐಎಸ್ ತಂತು. 2002ರಲ್ಲಿ ಡಾಟ್‌ನೆಟ್ ಜೊತೆ ಎಎಸ್‌ಪಿ ಡಾಟ್‌ನೆಟ್ ಬಂತು.

ಎಎಸ್‌ಪಿ ಡಾಟ್‌ನೆಟ್‌ನ ಎಲ್ಲ ಸಾಮಾನು ಸಿಸ್ಟಂ ಡಾಟ್ ವೆಬ್ ಅನ್ನೋ ಒಂದೇ ದೊಡ್ಡ ಗಂಟಿನೊಳಗಿತ್ತು. ಆ ಗಂಟು ಐಐಎಸ್‌ಗೆ ಕಟ್ಟಿಹಾಕಿದಂಗಿತ್ತು. ವಿಂಡೋಸ್‌ನಲ್ಲಿ ಸಣ್ಣದೊಂದು ವೆಬ್ ಕೆಲಸ ಬೇಕಂದ್ರೂ ಐಐಎಸ್ ಹಾಕಿ, ಸೈಟ್ ಮಾಡಿ, ಅನುಮತಿ ಕೊಟ್ಟು ಕುಂದ್ರಬೇಕು.

ಹಂಗಂತ ಐಐಎಸ್ ಕೆಟ್ಟದ್ದಲ್ಲ. ಪ್ರೋಗ್ರಾಂ ಬಿದ್ದರೆ ಮತ್ತೆ ಎಬ್ಬಿಸ್ತದ, ಕಂಪ್ಯೂಟರ್ ಶುರುವಾದ ಕೂಡಲೇ ತಾನೂ ಶುರುವಾಗ್ತದ, ಯಾರು ಬಂದ್ರು ಹೋದ್ರು ಅಂತ ಬರೆದಿಡ್ತದ. ಯಾರ್ಡ್‌ನಲ್ಲಿ ವಾಚ್‌ಮನ್, ಲೈಟು, ಗೇಟು ಇದ್ದಂಗ. ಆದ್ರ ಒಂದು ಲ್ಯಾಪ್‌ಟಾಪಿನ ಹತ್ತು ಲಾಟ್ ತೋರಿಸಾಕ ಇಡೀ ಯಾರ್ಡ್ ಯಾಕ?

(5/9)
ಬಿರುಕು ನಿಧಾನಕ್ಕೆ ಬಿಟ್ಟಿತು.

2003ರ ವಿಂಡೋಸ್ ಸರ್ವರ್‌ನಲ್ಲಿ ವೆಬ್ ಕೋರಿಕೆಗಳನ್ನು ಕೇಳಿಸಿಕೊಳ್ಳುವ ಕೆಲಸವನ್ನು ಎಚ್‌ಟಿಟಿಪಿ ಡಾಟ್ ಸಿಸ್ ಅನ್ನೋ ಭಾಗಕ್ಕೆ ಕೊಟ್ಟರು. ಅದು ವಿಂಡೋಸ್‌ನ ಕರ್ನಲ್ ಒಳಗೇ ಇರ್ತದ. ಅಂದರೆ ಬಾಗಿಲು ಕಾಯೋನು ಈಗ ಐಐಎಸ್ ಅಲ್ಲ, ವಿಂಡೋಸೇ. 2005ರ ಡಾಟ್‌ನೆಟ್ 2.0ದಲ್ಲಿ ಬಂದ ಎಚ್‌ಟಿಟಿಪಿ ಲಿಸನರ್ ಮೂಲಕ ಸಾಮಾನ್ಯ ಪ್ರೋಗ್ರಾಂ ಕೂಡ ಆ ಬಾಗಿಲಲ್ಲಿ ನಿಲ್ಲಬಹುದಾಯ್ತು. 2006ರ ಡಬ್ಲ್ಯುಸಿಎಫ್‌ನಲ್ಲಿ ಸೆಲ್ಫ್ ಹೋಸ್ಟ್ ಅಧಿಕೃತವಾಗಿ ಬಂತು. ಆದ್ರ ಅದರ ಸೆಟ್ಟಿಂಗ್ ಬರೆಯೋದರಾಗೇ ಅರ್ಧ ಜೀವ ಹೋಗ್ತಿತ್ತು ಅಂತಾರ ಹಳಬರು.

ಹೊರಗಿನ ಜಗತ್ತು ಮುಂದೆ ಹೋಗಿತ್ತು. 2009ರಲ್ಲಿ ರಯಾನ್ ಡಾಲ್ ತೋರಿಸಿದ ನೋಡ್ ಜೆಎಸ್‌ನಲ್ಲಿ ಆರೇಳು ಸಾಲು ಬರೆದರೆ ಸರ್ವರ್ ರೆಡಿ. ಜಾವಾದವರು ಜೆಟ್ಟಿಯನ್ನು ತಮ್ಮ ಪ್ರೋಗ್ರಾಂ ಒಳಗೇ ಇಟ್ಟುಕೊಳ್ಳೋದು ಅದಕ್ಕೂ ಮೊದಲೇ ಕಲಿತಿದ್ದರು.

2012ರ ಆಗಸ್ಟ್‌ನಲ್ಲಿ ಎಎಸ್‌ಪಿ ಡಾಟ್‌ನೆಟ್ ವೆಬ್ ಎಪಿಐ ಬಂತು. ಇದು ಸಿಸ್ಟಂ ಡಾಟ್ ವೆಬ್ ಗಂಟನ್ನು ನಂಬಿಕೊಂಡಿರಲಿಲ್ಲ. ಅದಕ್ಕೇ ಒಂದೇ ಕೋಡನ್ನು ಐಐಎಸ್‌ನಲ್ಲೂ ಇಡಬಹುದು, ಕರಿ ಕಿಟಕಿಯಲ್ಲೂ ಓಡಿಸಬಹುದು ಅನ್ನೋ ದಾರಿ ತೆರೀತು.

(6/9)
ಆದರೂ ಒಂದು ಪ್ರಶ್ನೆ ಉಳಿದಿತ್ತು. ಪ್ರತಿ ಸರ್ವರ್‌ಗೂ ಪ್ರತಿ ಫ್ರೇಮ್‌ವರ್ಕ್‌ಗೂ ಬೇರೆ ಬೇರೆ ಜೋಡಣೆ ಬರೀತಾ ಕೂಡೋದಾ?

ಪೈಥಾನ್‌ನವರು 2003ರಲ್ಲಿ ಡಬ್ಲ್ಯುಎಸ್‌ಜಿಐ ಅಂತ, ರೂಬಿಯವರು 2007ರಲ್ಲಿ ರ‍್ಯಾಕ್ ಅಂತ ಇದಕ್ಕೆ ಒಪ್ಪಂದ ಮಾಡಿಕೊಂಡಿದ್ದರು. ಅದನ್ನು ನೋಡಿ ಡಾಟ್‌ನೆಟ್ ಬಳಗದ ಪ್ರೋಗ್ರಾಮರ್‌ಗಳು ಓವಿನ್ ಅನ್ನೋ ಒಪ್ಪಂದ ಬರೆದರು. ಅದರ 1.0 ಆವೃತ್ತಿ 2012ರಲ್ಲಿ ಬಂತು. ಒಳಗಿರೋದು ಬಹಳ ಸರಳ: ಬಂದ ಕೋರಿಕೆಯ ಎಲ್ಲ ವಿವರವನ್ನು ಹೆಸರು ಬರೆದ ಚೀಟಿಗಳ ಒಂದು ಚೀಲದಲ್ಲಿ ಹಾಕು. ಆ ಚೀಲವನ್ನು ಒಂದು ಫಂಕ್ಷನ್ ಕೈಗೆ ಕೊಡು. ಅದು ಉತ್ತರವನ್ನೂ ಅದೇ ಚೀಲದಲ್ಲಿ ಹಾಕ್ತದ. ಚೀಲ ಯಾರು ತಂದರು, ಐಐಎಸ್ಸಾ ಕನ್ಸೋಲಾ, ಫಂಕ್ಷನ್‌ಗೆ ಸಂಬಂಧ ಇಲ್ಲ.

2013ರಲ್ಲಿ ಮೈಕ್ರೋಸಾಫ್ಟ್ ಇದಕ್ಕೆ ಕಟಾನಾ ಅನ್ನೋ ತನ್ನ ತಂತ್ರಾಂಶ ಕೊಟ್ಟಿತು. ವೆಬ್ ಎಪಿಐ 2 ಅದರ ಮೇಲೆ ಕನ್ಸೋಲ್‌ನಲ್ಲಿ ಓಡತೊಡಗಿತು. ನನ್ನ ಪ್ರೋಗ್ರಾಂನ ಮೊದಲ ರೂಪ ಇದೇ. ಒಂದು ಸ್ಟಾರ್ಟಪ್ ಕ್ಲಾಸ್, ದಾರಿ ಹೇಳುವ ಒಂದು ಸಾಲು, ಲಾಟ್ ಕೊಡುವ ಒಂದು ಕಂಟ್ರೋಲರ್. ಆಮೇಲೆ ಮೇನ್‌ನಲ್ಲಿ ವೆಬ್‌ಆ್ಯಪ್ ಸ್ಟಾರ್ಟ್, ಪೋರ್ಟ್ 9000. ಕೊನೆಗೆ ರೀಡ್‌ಲೈನ್. ಅದು ಯಾಕಂದ್ರ ಮೇನ್ ಮುಗಿದ್ರ ಪ್ರೋಗ್ರಾಂ ಮುಗೀತು, ಸರ್ವರೂ ಮುಗೀತು. ಎಂಟರ್ ಒತ್ತೋವರೆಗೂ ಕಾಯಿ ಅಂತ ಅದನ್ನ ನಿಲ್ಲಿಸಿಡಬೇಕು.

(7/9)
ಲ್ಯಾಪ್‌ಟಾಪ್‌ನಲ್ಲೇ ಬ್ರೌಸರ್ ತೆಗೆದು ನೋಡಿದೆ, ಬಂತು! ಕುಣಿದಾಡಿದೆ. ಫೋನಿಗೂ ಸಿಗಲಿ ಅಂತ ವಿಳಾಸ ಬದಲಿಸಿದೆ. ಆಗ “ಆ್ಯಕ್ಸೆಸ್ ಡಿನೈಡ್”.

ಎರಡು ರಾತ್ರಿ ಹೋಯ್ತು. ಕಾರಣ ಐದನೇ ಭಾಗದಲ್ಲೇ ಐತಿ ನೋಡ್ರಿ. ಬಾಗಿಲು ಕಾಯೋನು ಎಚ್‌ಟಿಟಿಪಿ ಡಾಟ್ ಸಿಸ್. ಅವನು ಎಲ್ಲರಿಗೂ ಸೇರಿದವನು. ಲೋಕಲ್‌ಹೋಸ್ಟ್ ಅಂದ್ರ ಸುಮ್ಮನಿರ್ತಾನ, ಹೊರಗಿನವರಿಗೂ ಬಾಗಿಲು ತೆಗಿ ಅಂದ್ರ ಈ ಜಾಗ ನಿನ್ನ ಹೆಸರಲ್ಲಿ ಐತೇನು ಅಂತ ಕೇಳ್ತಾನ. ಅಡ್ಮಿನ್ ಆಗಿ ಓಡಿಸಬೇಕು, ಇಲ್ಲವೇ ನೆಟ್‌ಶೆಲ್ ಕಮಾಂಡ್‌ನಿಂದ ಆ ವಿಳಾಸವನ್ನು ನಮ್ಮ ಹೆಸರಿಗೆ ಕಾಯ್ದಿರಿಸಬೇಕು. ಜೊತೆಗೆ ಫೈರ್‌ವಾಲ್‌ನಲ್ಲಿ ಪೋರ್ಟ್ ಬಿಡಬೇಕು. ನಿಮಗೂ ಇದೇ ಎರರ್ ಬಂದ್ರ ಮೊದಲು ಇವೆರಡು ನೋಡ್ರಿ.

2016ರ ಜೂನ್‌ನಲ್ಲಿ ಬಂದ ಎಎಸ್‌ಪಿ ಡಾಟ್‌ನೆಟ್ ಕೋರ್ 1.0 ಈ ಗೋಜಲನ್ನೇ ತಪ್ಪಿಸಿತು. ಅದರ ಕೆಸ್ಟ್ರೆಲ್ ಸರ್ವರ್ ತಾನೇ ಪೋರ್ಟ್ ತೆಗೀತದ, ಎಚ್‌ಟಿಟಿಪಿ ಡಾಟ್ ಸಿಸ್ ಬೇಕಿಲ್ಲ. ಲಿನಕ್ಸ್‌ನಲ್ಲೂ ಓಡ್ತದ. ಮಜಾ ಅಂದ್ರ, ಈಗ ಪ್ರತಿ ಎಎಸ್‌ಪಿ ಡಾಟ್‌ನೆಟ್ ಕೋರ್ ಅಪ್ಲಿಕೇಶನ್ ಮೂಲದಲ್ಲಿ ಒಂದು ಕನ್ಸೋಲ್ ಪ್ರೋಗ್ರಾಮೇ. 2021ರ ಡಾಟ್‌ನೆಟ್ 6ರಲ್ಲಂತೂ ನಾಲ್ಕು ಸಾಲಿಗೆ ಎಪಿಐ ರೆಡಿ.

(8/9)
ಇದೆಲ್ಲಾ ವಿದೇಶದ ಕಥೆ ಆಯ್ತು ಅಂದ್ರೇನು? ನಮ್ಮ ತಾಲ್ಲೂಕು ಕಚೇರಿ ನೆನೆಸಿಕೊಳ್ರಿ.

ಹಾವೇರಿ ಜಿಲ್ಲೆ ಆಗಿದ್ದು 1997ರಲ್ಲಿ. ಅದಾಗಿ ಮೂರ್ನಾಲ್ಕು ವರ್ಷಕ್ಕೆ ರಾಜ್ಯದಲ್ಲಿ ಭೂಮಿ ಯೋಜನೆ ಬಂತು. ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರ್‌ಗೆ ಹಾಕಿದರು. ಶುರುವಿಗೆ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ. ಮೊದಲ ಹಂತದಲ್ಲಿ ಆಯಾ ತಾಲ್ಲೂಕಿನ ದಾಖಲೆ ಆಯಾ ತಾಲ್ಲೂಕು ಕಚೇರಿಯ ಕಂಪ್ಯೂಟರ್‌ನಲ್ಲೇ ಇರ್ತಿತ್ತು. ರಾಣೆಬೆನ್ನೂರಿಂದು ರಾಣೆಬೆನ್ನೂರಾಗ, ಬ್ಯಾಡಗಿದು ಬ್ಯಾಡಗಿಯಾಗ. ಅದು ವೆಬ್ ಎಪಿಐ ಅಲ್ಲ ಖರೆ, ಆದ್ರ ಕೆಲಸ ನಡೆಯೋ ಜಾಗದಾಗೇ ಸರ್ವರ್ ಇರಬೇಕು ಅನ್ನೋ ವಿಚಾರ ಅದೇ. ಆಮೇಲೆ ದಾಖಲೆ ಎಲ್ಲಾ ಒಂದೇ ಕಡೆ ಸೇರಿದವು. ಎಲ್ಲಿಂದಾದ್ರೂ ತೆಗೀಬಹುದು, ಆದ್ರ “ಸರ್ವರ್ ಡೌನ್” ಅನ್ನೋ ಮಾತೂ ಊರಿಗೆ ಬಂತು.

2014ರಿಂದ ರಾಜ್ಯದ ಎಪಿಎಂಸಿಗಳಿಗೆ ಬಂದ ಏಕೀಕೃತ ಮಾರುಕಟ್ಟೆ ವ್ಯವಸ್ಥೆ ಕೂಡ ಹಂಗೆ, ದೂರದ ಸರ್ವರ್. ಖರೀದಿದಾರರು ಆನ್‌ಲೈನ್‌ನಲ್ಲೇ ಲಾಟ್‌ಗೆ ದರ ಹಾಕ್ತಾರ. ಅದು ಹಂಗೇ ಇರಬೇಕು, ಯಾಕಂದ್ರ ದರ ಎಲ್ಲರಿಗೂ ಒಂದೇ ಕಡೆ ಕಾಣಬೇಕು. 2024ರ ಮಾರ್ಚ್ 11ರಂದು ದರ ಕುಸಿದಾಗ ಬ್ಯಾಡಗಿ ಯಾರ್ಡಿನಾಗ ವಾಹನಗಳಿಗೆ ಬೆಂಕಿ ಬಿದ್ದದ್ದು ನಿಮಗೆಲ್ಲಾ ನೆನಪೈತಿ. ಇಲ್ಲಿ ಅಂಕಿ ಅಂದ್ರ ಬರೀ ಅಂಕಿ ಅಲ್ಲ. ಆದ್ರ ನಮ್ಮ ಅಂಗಡಿಯ ತೂಕದ ಪಟ್ಟಿ ಬೆಂಗಳೂರಿಗೆ ಹೋಗಿ ಬರೋ ಅವಶ್ಯಕತೆ ಇಲ್ಲ. ಒಂದು ರೌಟರ್ ಸಾಕು, ಇಂಟರ್‌ನೆಟ್ಟೂ ಬೇಡ.

(9/9)
ಈಗ ನನ್ನ ತಪ್ಪಿನ ಕಥೆ.

ಎರಡು ಸಂತೆ ದಿನ ಚೊಲೋ ನಡೀತು. ಫೋನ್ ಬರೋದು ನಿಂತಿತು. ಮೂರನೇ ಸಲ, ಮಧ್ಯಾಹ್ನ, ಊಟ ಮಾಡಿ ಬಂದು ಕರಿ ಕಿಟಕಿ ನೋಡಿದೆ. ಹ್ಯಾಂಗ್ ಆಗೇತಿ ಅನಿಸಿ ಎಂಟರ್ ಒತ್ತಿದೆ. ರೀಡ್‌ಲೈನ್ ಅದನ್ನೇ ಕಾಯ್ತಿತ್ತು! ಪ್ರೋಗ್ರಾಂ ಮುಗೀತು. ಲಾಟ್‌ಗಳನ್ನೆಲ್ಲಾ ಬರೀ ಮೆಮೊರಿಯಲ್ಲಿ ಇಟ್ಟಿದ್ದೆ, ಫೈಲ್‌ಗೆ ಬರೆದಿರಲಿಲ್ಲ. ಬೆಳಿಗ್ಗೆಯಿಂದ ಹಾಕಿದ ತೂಕ ಒಂದೂ ಉಳಿಲಿಲ್ಲ.

ಉಳಿಸಿದ್ದು ಕೈಚೀಟಿ. ಹಿರಿಯರು ಕಂಪ್ಯೂಟರ್ ಇದ್ರೂ ಪೆನ್ಸಿಲ್ ಬಿಟ್ಟಿರಲಿಲ್ಲ. ನಾನು ಅದಕ್ಕೇ ಅವರನ್ನ ಚ್ಯಾಷ್ಟಿ ಮಾಡ್ತಿದ್ದೆ. ಅವತ್ತು ಅದೇ ಚೀಟಿ ನೋಡಿ ಎರಡು ತಾಸು ಎಲ್ಲಾ ಮತ್ತೆ ಹಾಕಿದೆ. ಅಲ್ಲಿವರೆಗೂ ಒಬ್ಬ ಅಜ್ಜ ತನ್ನ ಚೀಲದ ಮ್ಯಾಲೇ ಕುಂತಿದ್ದ. ಏನೂ ಅನಲಿಲ್ಲ. ಬಸ್ ಹೋತು ಅಷ್ಟ ಅಂದ.

ಈಗ ಪ್ರತಿ ತೂಕ ಹಾಕಿದ ಕೂಡಲೇ ಡೇಟಾಬೇಸ್‌ಗೆ ಹೋಗ್ತದ. ಪ್ರೋಗ್ರಾಮನ್ನು ಕಿಟಕಿ ಇಲ್ಲದ ವಿಂಡೋಸ್ ಸರ್ವಿಸ್ ಮಾಡಿದೀನಿ, ಕಂಪ್ಯೂಟರ್ ಶುರುವಾದ್ರ ಅದೂ ಶುರು. ಐಐಎಸ್ ಪುಕ್ಕಟೆ ಮಾಡ್ತಿದ್ದ ಕೆಲಸವನ್ನ ನಾನೇ ಮಾಡಬೇಕಾಯ್ತು. ಸ್ವಂತ ಸರ್ವರ್ ಇಟ್ಟುಕೊಂಡ್ರ ಅದರ ವಾಚ್‌ಮನ್ನೂ ನಾವೇ. ಲ್ಯಾಪ್‌ಟಾಪ್ ಮ್ಯಾಲ ಒಂದು ಚೀಟಿನೂ ಅಂಟಿಸಿದೀನಿ: “ಇದು ಸರ್ವರ್ ಐತಿ, ಬಂದ್ ಮಾಡಬ್ಯಾಡ್ರಿ.” ಕೊನೇ ಫೋಟೊದಾಗ ಕಾಣ್ತದ ನೋಡ್ರಿ. ಸರ್ನ್‌ನಲ್ಲಿ ಯಾಕೆ ಅಂಟಿಸಿದ್ರು ಅಂತ ಈಗ ಪೂರಾ ಗೊತ್ತಾಗೇತಿ.

ನಿಮ್ಮ ಅಂಗಡಿ, ಗಿರಣಿ, ಹಾಲಿನ ಡೈರಿಯೊಳಗ ಇಂಥದ್ದೊಂದು ಲೆಕ್ಕ ಐತೇನು? ಕಾಮೆಂಟ್‌ನಾಗ ಬರೀರಿ, ಕೂಡಿ ಮಾಡೋಣ. ಬಿಕಾಂನವರಿಗೆ ಇದೆಲ್ಲಾ ಯಾಕ ಅನ್ನೋರಿಗೆ ಒಂದೇ ಮಾತು: ಲೆಕ್ಕ ನಮ್ಮದು, ಅದು ಎಲ್ಲಿರ್ತದ ಅಂತ ನಮಗ ಗೊತ್ತಿರಬೇಕು.

#ಬ್ಯಾಡಗಿ #ರಾಣೆಬೆನ್ನೂರು #ಹಾವೇರಿ #ನಮ್ಮಇತಿಹಾಸ #ಕನ್ನಡದಲ್ಲಿಕೋಡ್ #ಕರಿಕಿಟಕಿ