ಗಾಳಿಯಿಂದ ತಣಿಯುವ ಎಂಜಿನು ಮತ್ತು ಬೆಂಗಳೂರು

ಎಚ್.ಎ.ಎಲ್. ಎಂದೊಡನೆ ತೇಜಸ್ ವಿಮಾನವನ್ನು ನೆನೆಯುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ, ಆ ಕಾರ್ಖಾನೆಯ ಕೈ ಪಳಗಿದ್ದು ಅಮೆರಿಕದ ಟ್ವಿನ್ ವಾಸ್ಪ್ ಎಂಬ ಎಂಜಿನಿನ ಮೇಲೆ ಎಂಬುದನ್ನು ಬಲ್ಲವರು ವಿರಳ.

ಮೊದಲು ಈ ಎಂಜಿನಿನ ವಂಶಾವಳಿಯನ್ನು ತಿಳಿಯೋಣ. ಹಾರುವ ಯಂತ್ರಕ್ಕೆ ತೂಕವೇ ವೈರಿ. ನೀರಿನಿಂದ ತಣಿಸುವುದಾದರೆ ನೀರು, ಕೊಳವೆ, ರೇಡಿಯೇಟರ್ ಎಲ್ಲವನ್ನೂ ಹೊತ್ತೇ ಹಾರಬೇಕು. ಸಿಲಿಂಡರುಗಳನ್ನು ಗಾಡಿಚಕ್ರದ ಅರೆಕಾಲುಗಳಂತೆ ಸುತ್ತ ಜೋಡಿಸಿದರೆ ಎದುರುಗಾಳಿಯೇ ಪ್ರತಿಯೊಂದನ್ನೂ ತಣಿಸುತ್ತದೆ. ಇದೇ ರೇಡಿಯಲ್ ಎಂಜಿನು. 1909ರಲ್ಲಿ ಬ್ಲೇರಿಯೊ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿದ್ದು ಗಾಳಿಯಿಂದ ತಣಿಯುವ ಮೂರು ಸಿಲಿಂಡರಿನ ಅಂಜಾನಿ ಎಂಜಿನಿನಿಂದ. ಅದೇ ಕಾಲದ ನೋಮ್ ಎಂಜಿನಿನಲ್ಲಂತೂ ಸಿಲಿಂಡರುಗಳೇ ಪ್ರೊಪೆಲ್ಲರಿನೊಡನೆ ಗಿರಗಿರನೆ ತಿರುಗುತ್ತಿದ್ದವು. ಪೆಟ್ರೋಲಿನೊಡನೆ ಸುಲಭವಾಗಿ ಬೆರೆಯದೆಂದು ಅದಕ್ಕೆ ಹಾಕುತ್ತಿದ್ದುದು ನಮ್ಮ ಹರಳೆಣ್ಣೆ! ಅದರ ಹೊಗೆ ಕುಡಿದ ಪೈಲಟರ ಹೊಟ್ಟೆಯ ಪಾಡನ್ನು, ಬಾಲ್ಯದಲ್ಲಿ ಅಜ್ಜಿಯ ಕೈಯ ಹರಳೆಣ್ಣೆ ಕುಡಿದವರಿಗೆ ವಿವರಿಸಬೇಕಾಗಿಲ್ಲ.

ನಿಂತಲ್ಲೇ ನಿಂತ ಸಿಲಿಂಡರನ್ನು ತಣಿಸುವುದು ಇನ್ನೂ ಕಷ್ಟ. 1918ರಲ್ಲಿ ಬ್ರಿಟನ್ ಬಹುವಾಗಿ ನೆಚ್ಚಿದ್ದ ಡ್ರಾಗನ್‌ಫ್ಲೈ ಎಂಜಿನು ವಿಪರೀತ ಕಾದು, ನಡುಗಿ ವಿಫಲವಾಯಿತು. ಸಿಲಿಂಡರಿಗೆ ಅಲ್ಯೂಮಿನಿಯಮ್ಮಿನ ತಲೆ, ಅದರ ಮೇಲೆ ಒತ್ತೊತ್ತಾಗಿ ತೆಳುವಾದ ಏಣುಗಳು, ಹೊಗೆ ಹೊರಹೋಗುವ ವಾಲ್ವಿನ ಒಳಗೆ ಸೋಡಿಯಂ: ಸ್ಯಾಮ್ ಹೆರನ್‌ರಂಥವರ ಇಂತಹ ಶ್ರಮದಿಂದ ರೇಡಿಯಲ್ ಎಂಜಿನು ನಂಬಿಕೆಗೆ ಅರ್ಹವಾಯಿತು. 1927ರಲ್ಲಿ ಲಿಂಡ್‌ಬರ್ಗ್ ಅಟ್ಲಾಂಟಿಕ್ ದಾಟಿದಾಗ ರೈಟ್ ವರ್ಲ್‌ವಿಂಡ್ ಎಂಜಿನು ಮೂವತ್ತಮೂರೂವರೆ ತಾಸು ನಿಲ್ಲದೆ ಓಡಿತು.

ಒಂದು ಸಾಲಿನಲ್ಲಿ ಸಿಲಿಂಡರುಗಳ ಸಂಖ್ಯೆ ಬೆಸವೇ ಏಕೆ? ಒಂದನ್ನು ಬಿಟ್ಟು ಒಂದು ಉರಿಯುತ್ತ, ಎರಡು ಸುತ್ತಿನಲ್ಲಿ ಎಲ್ಲದರ ಸರದಿಯೂ ಮುಗಿಯಬೇಕು: ಒಂದು, ಮೂರು, ಐದು, ಏಳು, ಬಳಿಕ ಎರಡು, ನಾಲ್ಕು, ಆರು. ಸರಿಸಂಖ್ಯೆಯಾದರೆ ಈ ಲೆಕ್ಕ ಕೂಡದು. ಇಂತಹ ಏಳರ ಎರಡು ಸಾಲುಗಳನ್ನು ಹಿಂದೆ ಮುಂದೆ ಜೋಡಿಸಿದಾಗ ಸುಮಾರು 1,200 ಅಶ್ವಶಕ್ತಿಯ ಟ್ವಿನ್ ವಾಸ್ಪ್ ಆಯಿತು.

1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರಕಾರದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದರು. ಸ್ವಂತ ವಿಮಾನ ಕಟ್ಟಬೇಕೆಂಬ ಆಸೆಯನ್ನು ಯುದ್ಧವು ಬದಿಗೆ ಸರಿಸಿತು. 1943ರಿಂದ ಅಮೆರಿಕದ ಸೇನೆಗೆ ಅದು ದುರಸ್ತಿಯ ನೆಲೆ. ಡಕೋಟಾಗಳೂ, ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದ ಕ್ಯಾಟಲೀನಾಗಳೂ ಅಲ್ಲಿಗೆ ಬಂದವು. ಎರಡಕ್ಕೂ ಎಂಜಿನು ಇದೇ ಟ್ವಿನ್ ವಾಸ್ಪ್. ಪರರ ಯಂತ್ರವನ್ನು ಬಿಚ್ಚಿ ಜೋಡಿಸುವುದು ಕೀಳು ಕೆಲಸವೆಂದು ಹಲವರು ಬಗೆಯುತ್ತಾರೆ, ನಾನು ಒಪ್ಪೆ. ಬಿಚ್ಚಿದವನಿಗಲ್ಲವೇ ಒಳಗುಟ್ಟು ತಿಳಿಯುವುದು?

ಯುದ್ಧ ಮುಗಿದಾಗ ಬ್ರಿಟಿಷರು ತಮ್ಮ ಲಿಬರೇಟರ್ ಬಾಂಬರುಗಳನ್ನು ಕಾನ್ಪುರದಲ್ಲಿ ಬಿಟ್ಟುಹೋದರು. ಅಮೆರಿಕದಿಂದ ಎರವಲಾಗಿ ಬಂದ ಅವು ಮತ್ತೆ ಹಾರಕೂಡದೆಂದು ಬೇಕೆಂದೇ ಕೆಡಿಸಿಯೂ ಇದ್ದರು. ಆದರೆ ಒಂದೊಂದರಲ್ಲಿಯೂ ಇದ್ದುದು ನಾಲ್ಕು ಟ್ವಿನ್ ವಾಸ್ಪ್‌ಗಳು, ಬೆಂಗಳೂರಿನವರಿಗೆ ಅಂಗೈ ಗೆರೆಯಷ್ಟು ಪರಿಚಿತ. ಹಾರುವಷ್ಟು ಮಟ್ಟಿಗೆ ಅಲ್ಲಿಯೇ ರಿಪೇರಿ ಮಾಡಿ, ಪೈಲಟ್ ಜಮ್ಶೇದ್ ಮುನ್ಶಿಯವರು ಅವನ್ನು ಬೆಂಗಳೂರಿಗೆ ಹಾರಿಸಿ ತಂದರು. ಹೀಗೆ ಸುಮಾರು 40 ವಿಮಾನಗಳು ಮರುಜೀವ ಪಡೆದವು. 1948ರ ನವೆಂಬರಿನಲ್ಲಿ ನಮ್ಮ ವಾಯುಪಡೆಯ ಐದನೆಯ ಸ್ಕ್ವಾಡ್ರನ್ ಇವುಗಳಿಂದಲೇ ಸಜ್ಜಾಯಿತು.

ನಮ್ಮ ಜಿಲ್ಲೆಯ ಮಟ್ಟಿಗೆ ಹೇಳುವುದಾದರೆ, 1951ರ ಡಿಸೆಂಬರ್ 25ರಂದು ನೆಹರೂ ಅವರು ಬಜಪೆಯಲ್ಲಿ ಬಂದಿಳಿದು ವಿಮಾನ ನಿಲ್ದಾಣಕ್ಕೆ ಚಾಲನೆ ಕೊಟ್ಟದ್ದೂ ಡಕೋಟಾದಲ್ಲಿಯೇ. ಕುಂದಾಪುರ, ಬೈಂದೂರುಗಳವರು ಆಗ ಹೊಳೆ ಹೊಳೆಗೂ ದೋಣಿ ಹಿಡಿದು ಮಂಗಳೂರಿಗೆ ಹೋಗಬೇಕಾಗಿದ್ದ ಕಾಲ.

ಲಿಬರೇಟರುಗಳು 1968ರವರೆಗೆ ಸೇವೆಯಲ್ಲಿದ್ದವು. ಅವುಗಳಲ್ಲೊಂದನ್ನು ಭಾರತವು 1974ರಲ್ಲಿ ಬ್ರಿಟನ್ನಿನ ವಾಯುಪಡೆಯ ವಸ್ತುಸಂಗ್ರಹಾಲಯಕ್ಕೆ ಕಾಣಿಕೆಯಾಗಿ ಕೊಟ್ಟಿತು.